‘ಶ್ಯಾಂಬಲ್ಸ್’: ಕಟುಕರ ಬೀದಿಯೋ, ಅಧ್ವಾನವೋ?

ಇಂಗ್ಲೆಂಡಿನ ಯಾರ್ಕ್ ನಗರದ ಮೇಲಿನ ಪ್ರವಾಸ ಲೇಖನವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಡಿದ್ದು ಸಂಜೆಯೊಳಗೆ ಅದು ಅಚ್ಚಿಗೆ ಹೋಗಬೇಕು. ಅಲ್ಲಿನ ‘ಶ್ಯಾಂಬಲ್ಸ್’ ಎಂಬ ಇಕ್ಕಟ್ಟಾದ ಬೀದಿಯನ್ನು ವರ್ಣಿಸುತ್ತ, ಇಷ್ಟೊಂದು ಓರಣವಾದ ಬೀದಿಗೆ ಇಂದಿನ ಇಂಗ್ಲಿಷಿನಲ್ಲಿ ಅಸ್ತವ್ಯಸ್ತತೆ ಎಂಬರ್ಥ ಕೊಡುವ ಹೆಸರೇ ಎಂದು ಲೇಖಕರು ಬೆರಗಾಗುತ್ತಾರೆ. ಆ ಬೆರಗು ಕನ್ನಡದಲ್ಲಿಯೂ ಉಳಿಯುವಂಥ ಪದ ನನಗೆ ಬೇಕಾಗಿದೆ.

ಇದಕ್ಕೆ ‘ಅವ್ಯವಸ್ಥೆ’, ‘ಕಸಾಯಿಖಾನೆ’ ಮೊದಲಾದ ಸಲಹೆಗಳು ಬಂದಿವೆ, ‘ಸಂಭ್ರಮ’ವೇ ಈ ಪದದ ಮೂಲವೆಂದವರೂ ಇದ್ದಾರೆ. ಈ ಕೊನೆಯದನ್ನು ಮೊದಲೇ ಬದಿಗಿಡುತ್ತೇನೆ. ‘ಶ್ಯಾಂಬಲ್ಸ್’ ನಮ್ಮ ‘ಸಂಭ್ರಮ’ದಿಂದ ಹುಟ್ಟಿದ್ದಲ್ಲ. ಸಂಸ್ಕೃತದ ‘ಸಂಭ್ರಮ’ಕ್ಕೆ ಗಡಿಬಿಡಿ, ತಳಮಳ ಎಂಬ ಅರ್ಥಗಳಿರುವುದು ನಿಜವಾದರೂ, ಉಲಿಯ ಹೋಲಿಕೆಯೊಂದರಿಂದಲೇ ನಂಟಸ್ತಿಕೆ ಸಿದ್ಧವಾಗದು.

ಇಂಗ್ಲಿಷ್ ಪದದ ಜಾಡು ಸ್ಪಷ್ಟವಾಗಿಯೇ ಇದೆ. ಪುಟ್ಟ ಪೀಠ ಎಂಬರ್ಥದ ಲ್ಯಾಟಿನ್ನಿನ ‘ಸ್ಕಾಮೆಲ್ಲುಮ್’ ಹಳೆಯ ಇಂಗ್ಲಿಷಿಗೆ ಬಂದು ಕೂರುವ ಮಣೆಯಾಯಿತು, ಆಮೇಲೆ ಸರಕು ಹರಡುವ ಹಲಗೆಯಾಯಿತು, ಮಾಂಸ ಮಾರುವ ಕಟ್ಟೆಯಾಯಿತು, ಕೊನೆಗೆ ಮಾಂಸದ ಪೇಟೆಗೇ ಹೆಸರಾಯಿತು. ನಮ್ಮಲ್ಲಿಯೂ ಕೂರುವ ಮಣೆ ಅಡುಗೆಮನೆ ಹೊಕ್ಕು ಈಳಿಗೆಮಣೆಯಾಗಿದೆಯಲ್ಲವೇ? 1611ರ ಇಂಗ್ಲಿಷ್ ಬೈಬಲಿನಲ್ಲಿ, ಕೊರಿಂಥದವರಿಗೆ ಬರೆದ ಮೊದಲ ಪತ್ರದ 10ನೇ ಅಧ್ಯಾಯದಲ್ಲಿ, ಈ ಪದಕ್ಕಿರುವುದು ಮಾಂಸದ ಪೇಟೆ ಎಂಬ ಅರ್ಥವೇ. ಮುಂದೆ ವಧಾಸ್ಥಾನಕ್ಕೂ, ಹೆಣಗಳು ಬಿದ್ದ ರಣರಂಗಕ್ಕೂ ಸಂದ ಈ ಮಾತು, ನೆತ್ತರಿನ ನೆನಪು ಕಳೆದುಕೊಂಡು ಬರಿಯ ಅಸ್ತವ್ಯಸ್ತತೆಯನ್ನು ಸೂಚಿಸತೊಡಗಿದ್ದು 20ನೇ ಶತಮಾನದಲ್ಲಿ. ಯಾರ್ಕಿನ ಬೀದಿಯಾದರೋ ಹಳೆಯ ಅರ್ಥವನ್ನು ಇಂದಿಗೂ ಹೊತ್ತು ನಿಂತಿದೆ: ಮಾಂಸವನ್ನು ಹರಡಿಡುತ್ತಿದ್ದ ಅಗಲವಾದ ಹಲಗೆಗಳು ಕಿಟಕಿಗಳ ಕೆಳಗಿವೆ, ತೂಗುಹಾಕುತ್ತಿದ್ದ ಕಬ್ಬಿಣದ ಕೊಕ್ಕೆಗಳು ಕೆಲವು ಅಂಗಡಿಗಳ ಮುಂದೆ ಉಳಿದಿವೆ.

‘ಅವ್ಯವಸ್ಥೆ’ ನನಗೆ ಒಪ್ಪಿಗೆಯಿಲ್ಲ. ಅದು ಬಸ್ ನಿಲ್ದಾಣದಲ್ಲಿ ಕುಡಿಯುವ ನೀರಿಲ್ಲವೆಂಬ ವರದಿಗೆ ಹೊಂದುವ ಮಾತು. ಎಲ್ಲವೂ ಕೆಟ್ಟು ಕೆರ ಹಿಡಿದ ಸ್ಥಿತಿ ಅದರಲ್ಲಿ ಕಾಣುವುದಿಲ್ಲ. ‘ಅಧ್ವಾನ’ದಲ್ಲಿ ಅದು ಕಾಣುತ್ತದೆ. ‘ಅಧ್ವಾನ’ ಅಚ್ಚಗನ್ನಡವಲ್ಲ, ಹೊಸ ಪದವನ್ನೇ ಕಟ್ಟಬೇಕು ಎಂಬ ಆಕ್ಷೇಪವನ್ನು ನಾನು ಒಪ್ಪಲಾರೆ. ಕನ್ನಡಿಗರು ಎರವಲು ತಂದ ಮಾತುಗಳನ್ನು ತಂದಂತೆಯೇ ಇಟ್ಟುಕೊಂಡವರಲ್ಲ. ಸಂಸ್ಕೃತದಲ್ಲಿ ಸಿದ್ಧಾಂತವೆಂಬ ಅರ್ಥವಿದ್ದ ‘ರಾದ್ಧಾಂತ’ ನಮ್ಮ ಮನೆಗಳಲ್ಲಿ ರಂಪವಾಯಿತು. ಕಬ್ಬಿಣದಿಂದಾದದ್ದು ಎಂಬರ್ಥದ ‘ಅಯೋಮಯ’ ದಿಕ್ಕುತೋಚದ ಗೊಂದಲವಾಯಿತು. ಒಳಭೇದವನ್ನು ಹೇಳುತ್ತಿದ್ದ ‘ಅವಾಂತರ’ ಅನಾಹುತವಾಯಿತು. ಹೀಗೆ ನಮ್ಮ ಬಾಯಲ್ಲಿ ಹೊಸ ಅರ್ಥ ಪಡೆದ ಪದಗಳು ನಮ್ಮವೇ. ಲ್ಯಾಟಿನ್ನಿನಿಂದ ಬಂದ ‘ಶ್ಯಾಂಬಲ್ಸ್’ ಪರಕೀಯವೆಂದು ಇಂಗ್ಲಿಷಿನವರು ಅದನ್ನು ಹೊರಗಟ್ಟಲಿಲ್ಲ.

ಮೂಲಾರ್ಥಕ್ಕೆ ನಿಷ್ಠರಾಗಿ ಎಲ್ಲೆಡೆ ‘ಕಸಾಯಿಖಾನೆ’ ಎಂದೇ ಬರೆಯಬೇಕೆಂಬುದೂ ಸರಿಯಲ್ಲ. ಕೆದರಿದ ಕೋಣೆಯನ್ನು ಕಸಾಯಿಖಾನೆ ಎಂದರೆ ಕನ್ನಡದ ಓದುಗರು ನೆತ್ತರನ್ನೇ ಹುಡುಕುತ್ತಾರೆ.

ಸದ್ಯದ ಕರಡು ಹೀಗಿದೆ: “ಒಂದು ಕಾಲದಲ್ಲಿ ಕಟುಕರ ಬೀದಿಯಾಗಿದ್ದ ಶ್ಯಾಂಬಲ್ಸ್ ಇಂದು ಅಚ್ಚುಕಟ್ಟಾಗಿದೆ, ಅದರ ಹೆಸರು ಮಾತ್ರ ಇಂಗ್ಲಿಷರ ಮಾತಿನಲ್ಲಿ ಅಧ್ವಾನಕ್ಕೆ ಪರ್ಯಾಯವಾಗಿದೆ.” ಇದರಲ್ಲಿ ‘ಕಟುಕರ ಬೀದಿ’ ನನಗೆ ಪೂರ್ತಿ ಹಿಡಿಸಿಲ್ಲ. ಹುಣಸೆಯ ಕೊರಡುಗಳನ್ನಿಟ್ಟುಕೊಂಡು ಸಾಲಾಗಿ ಕೂರುವ ಮಾಂಸದಂಗಡಿಗಳ ಆ ಜಾಗಕ್ಕೆ ನಿಮ್ಮೂರಿನ ಸಂತೆಪೇಟೆಗಳಲ್ಲಿ ಬೇರೆ ಹೆಸರಿದ್ದರೆ, ದಯವಿಟ್ಟು ನಾಳೆಯೊಳಗೆ ತಿಳಿಸಿ.