ಅಮ್ಮನಿಗೆ ಗಟ್ಟಿಯಾಗಿ ಓದಿ ಹೇಳಲು ಪುಸ್ತಕ ಬೇಕು: ನೀವು ಈಚೆಗೆ ಓದಿದ್ದರಲ್ಲಿ ಯಾವುದು ಕಿವಿಗೆ ಹಿಡಿಸಿತು?

ದಾವಣಗೆರೆಯವ

ಎಲ್ಲರಿಗೂ ನಮಸ್ಕಾರ. ನನ್ನ ಅಮ್ಮನಿಗೆ 81 ವರ್ಷ. ಗ್ಲಾಕೋಮಾದಿಂದ ಎರಡೂ ಕಣ್ಣು ಹೋದವು. ಈಗ ಕಿಟಕಿ ಯಾವ ಕಡೆ ಇದೆ ಎಂಬುದಷ್ಟೇ ತಿಳಿಯುತ್ತದೆ. ಶಾಲೆಗೆ ಹೋದದ್ದು ನಾಲ್ಕನೆಯ ತರಗತಿಯವರೆಗೆ ಮಾತ್ರ. ಆದರೆ ತ್ರಿವೇಣಿ, ಎಂ.ಕೆ. ಇಂದಿರಾ ಅವರ ಕಾದಂಬರಿಗಳನ್ನು ತರಿಸಿಕೊಂಡು ಒಲೆಯ ಮೇಲಿಟ್ಟ ಹಾಲು ಉಕ್ಕಿದರೂ ತಲೆ ಎತ್ತದೆ ಓದುತ್ತಿದ್ದವಳು.

ಹೋದ ಶ್ರಾವಣದಿಂದ ರಾತ್ರಿ ಊಟವಾದ ಮೇಲೆ ಮುಕ್ಕಾಲು ಗಂಟೆ ನಾನು ಗಟ್ಟಿಯಾಗಿ ಓದುತ್ತೇನೆ. ಅಮ್ಮ ಗೋಡೆಗೆ ಒರಗಿ ಕುಳಿತು ದೇವರ ದೀಪಕ್ಕೆ ಬತ್ತಿ ಹೊಸೆಯುತ್ತಾಳೆ. ಬೆರಳಿಗೆ ಒಂದಿಷ್ಟು ವಿಭೂತಿ ಸವರಿಕೊಂಡರೆ ಸಾಕು, ಆ ಕೆಲಸಕ್ಕೆ ಕಣ್ಣು ಬೇಡ. ಕತೆ ಸಪ್ಪೆಯಾದರೆ ಬತ್ತಿಗಳು ಸರಸರನೆ ತಟ್ಟೆಗೆ ಬೀಳುತ್ತವೆ. ಹಿಡಿಸಿದರೆ ಕೈ ನಿಂತುಬಿಡುತ್ತದೆ. ಬತ್ತಿ ಕಡಿಮೆಯಾದಷ್ಟೂ ಪುಸ್ತಕ ಒಳ್ಳೆಯದು ಎಂಬುದು ನಮ್ಮ ಮನೆಯ ವಿಮರ್ಶೆ.

ಮೊದಲು ಓದಿದ್ದು ಕಾರಂತರ 'ಬೆಟ್ಟದ ಜೀವ'. ಗೋಪಾಲಯ್ಯ, ಶಂಕರಮ್ಮ ಇಬ್ಬರೂ ನಮ್ಮ ಮನೆಗೇ ಬಂದು ಕುಳಿತ ಹಾಗಾಯಿತು. ನಾನು ಕನ್ನಡಕ ಹಾಕಿಕೊಳ್ಳುವುದೇ ತಡ, ಅಮ್ಮನ ಪ್ರಶ್ನೆ: "ಶಂಭು ಬಂದನೇನೋ?" ಮನೆ ಬಿಟ್ಟು ಹೋದ ಅವರ ಮಗ. "ಇನ್ನೂ ಇಲ್ಲಮ್ಮ" ಎನ್ನುವುದು, ಓದುವುದು. ಕೊನೆಯ ಅಧ್ಯಾಯ ಬಂದಾಗ, "ಸಾಕು, ಇಲ್ಲಿಗೇ ಇರಲಿ. ಕಾಯುತ್ತಾ ಇರಲಿ ಅವರು" ಎಂದು ನನ್ನ ಬಾಯಿ ಮುಚ್ಚಿಸಿದಳು. ಉಳಿದ ಪುಟಗಳನ್ನು ನಾನೊಬ್ಬನೇ ಕೋಣೆಯೊಳಗೆ ಕುಳಿತು ಓದಿಕೊಂಡೆ.

ಆಮೇಲೆ 'ಮಲೆಗಳಲ್ಲಿ ಮದುಮಗಳು'. ಅಮ್ಮನ ತವರು ತೀರ್ಥಹಳ್ಳಿಯ ಕಡೆ, ನನ್ನದು ಬಯಲುಸೀಮೆಯ ನಾಲಿಗೆ. ಸಂಭಾಷಣೆ ಬಂದಲ್ಲೆಲ್ಲ "ಹಾಗಲ್ಲವೋ" ಎಂದು ತಿದ್ದಿ, ಆ ಮಾತನ್ನು ತಾನೇ ಹೇಳಿ ತೋರಿಸುತ್ತಿದ್ದಳು. ಬೈಸಿಕಲ್ಲು ಹಳ್ಳಿಗರ ಬಾಯಲ್ಲಿ 'ಬೀಸೆಕಲ್ಲು' ಆಗುತ್ತದಲ್ಲ, ಅಲ್ಲಿ ಇಬ್ಬರಿಗೂ ನಕ್ಕು ನಕ್ಕು ಕೆಮ್ಮು ಬಂತು. ಆದರೆ ಜನ ಹೆಚ್ಚಾದರು. "ಈ ಐತ ಯಾರ ಮನೆಯ ಆಳು?" ಎಂದು ಕೇಳಿದರೆ ನಾನು ಹಿಂದಿನ ಪುಟ ಹುಡುಕಬೇಕು, ಅಷ್ಟರಲ್ಲಿ ಹತ್ತು ಬತ್ತಿ ಬಿದ್ದಿರುತ್ತಿದ್ದವು. ಕಣ್ಣು ಪುಟ ತಿರುಗಿಸಿ ನೋಡಬಹುದು, ಕಿವಿಗೆ ಆ ಸೌಕರ್ಯವಿಲ್ಲ. ಇನ್ನೂರು ಪುಟದ ಹತ್ತಿರ ನಿಲ್ಲಿಸಿದ್ದೇವೆ. ಗುತ್ತಿಯ ನಾಯಿ ಹುಲಿಯ ನಮ್ಮ ಮಟ್ಟಿಗೆ ಇನ್ನೂ ಬದುಕಿದೆ. ತುಂಗೆಯ ನೆರೆಯವರೆಗೆ ಹೋಗದಿರುವುದೇ ಮೇಲು ಎಂದು ನನಗೂ ಒಳಗೊಳಗೇ ಇದೆ.

ಮೂರನೆಯದು ವಿವೇಕ ಶಾನಭಾಗರ 'ಘಾಚರ್ ಘೋಚರ್'. ನನಗೆ ಬಹಳ ಇಷ್ಟವಾದ ಪುಸ್ತಕ. ಮನೆಗೆ ಇರುವೆ ನುಗ್ಗುವ ಭಾಗದಲ್ಲಿ ಅಮ್ಮನ ಕೈ ನಿಂತಿತು. ಉಳಿದಂತೆ, "ಏನೋ ಆಯಿತು, ನೀನು ಹೇಳುತ್ತಾ ಇಲ್ಲ" ಎಂದು ನನ್ನನ್ನೇ ಬೈದಳು. ಲೇಖಕರು ಹೇಳದೆ ಬಿಟ್ಟಿದ್ದನ್ನು ಗಟ್ಟಿಯಾಗಿ ಓದುವುದು ಹೇಗೆ?

ಈಗ ಕೈ ಖಾಲಿ. ನೀವು ಈಚೆಗೆ ಓದಿದ್ದರಲ್ಲಿ, ನಿಮಗೆ ಪ್ರಿಯವಾದದ್ದರಲ್ಲಿ, ಯಾರಿಗಾದರೂ ಓದಿ ಹೇಳಿ ಗೆದ್ದ ಪುಸ್ತಕ ಯಾವುದು? ಪಾತ್ರಗಳು ಕಡಿಮೆ ಇರಲಿ, ನಗುವೂ ಒಂದಿಷ್ಟು ಇರಲಿ.

ಶನಿವಾರದ ಟೀಚರ್

ಸರ್, ನನ್ನ ಕೇಳುಗರು ಎಂಟನೆಯ ತರಗತಿಯ ಮಕ್ಕಳು. ಶನಿವಾರದ ಕೊನೆಯ ಅವಧಿಯಲ್ಲಿ ಪಾಠ ಯಾರ ತಲೆಗೂ ಹೋಗುವುದಿಲ್ಲ, ಹಾಗಾಗಿ ಓದಿ ಹೇಳುತ್ತೇನೆ. ಈ ವರ್ಷ ತೇಜಸ್ವಿಯವರ 'ಕರ್ವಾಲೋ' ಹಿಡಿದೆವು. 1980ರ ಪುಸ್ತಕ, ಮಕ್ಕಳು ಮೊನ್ನೆ ಬರೆದದ್ದೆಂದೇ ತಿಳಿದಿದ್ದಾರೆ.

ಓದುವಾಗ ಒಂದು ತಮಾಷೆ ಆಯಿತು. ಅದರಲ್ಲಿ ನಾಯಿಯ ಹೆಸರು ಕಿವಿ. ಕಣ್ಣಿನಲ್ಲಿ ಓದುವಾಗ ಏನೂ ಅನ್ನಿಸಿರಲಿಲ್ಲ. ಗಟ್ಟಿಯಾಗಿ ಓದುವಾಗ ಆ ಹೆಸರು ಬಂದಾಗಲೆಲ್ಲ ನಲವತ್ತು ಕೈಗಳು ತಂತಮ್ಮ ಕಿವಿಗೆ ಹೋಗತೊಡಗಿದವು! ಈಗ ಅದು ನಮ್ಮ ತರಗತಿಯ ಪದ್ಧತಿಯೇ ಆಗಿದೆ. ಮಂದಣ್ಣ ಬಂದನೆಂದರೆ ಹಿಂದಿನ ಬೆಂಚೂ ಎಚ್ಚರವಾಗುತ್ತದೆ. ಊರವರಿಗೆ ಅವನು ಕೆಲಸವಿಲ್ಲದ ಪೆದ್ದ, ವಿಜ್ಞಾನಿ ಕರ್ವಾಲೋಗೆ ಮಾತ್ರ ಅವನ ಬೆಲೆ ಗೊತ್ತು. ಹಿಂದಿನ ಬೆಂಚಿಗೆ ಅದು ಏಕೆ ಹಿಡಿಸಿತು ಎಂದು ನಾನು ಬಿಡಿಸಿ ಹೇಳಬೇಕಾಗಿಲ್ಲ. ಹಾರುವ ಓತಿಯನ್ನು ಹುಡುಕಿಕೊಂಡು ಕಾಡಿಗೆ ಹೊರಡುವ ಭಾಗಕ್ಕೆ ಬಂದಾಗ ಗಂಟೆ ಬಾರಿಸಿದರೂ ಯಾರೂ ಏಳಲಿಲ್ಲ.

ಪಾತ್ರಗಳು ಬೆರಳೆಣಿಕೆಯಷ್ಟು. ಬಿರಿಯಾನಿ ಕರಿಯಪ್ಪನ ಹೆಸರು ಒಮ್ಮೆ ಕೇಳಿದರೆ ನಿಮ್ಮ ಅಮ್ಮ "ಅವನು ಯಾರು?" ಎಂದು ಮತ್ತೆ ಕೇಳುವುದಿಲ್ಲ.

ಷಟ್ಪದಿ ಪ್ರಿಯ

ತಮ್ಮ ಮಾತೃಸೇವೆ ಮೆಚ್ಚತಕ್ಕದ್ದು. ಆದರೆ ತಾವು ಕಲ್ಲಿನಿಂದ ಎಣ್ಣೆ ತೆಗೆಯಲು ಹೊರಟಿದ್ದೀರಿ. ಕಾದಂಬರಿ ಅಚ್ಚಿನಮನೆಯ ಜೊತೆಗೆ ಬಂದದ್ದು, ಒಬ್ಬನೇ ಮೂಲೆಯಲ್ಲಿ ಕುಳಿತು ಓದುವವನಿಗಾಗಿ. ಕಿವಿಗೆಂದೇ ಕಟ್ಟಿದ ಸಾಹಿತ್ಯ ನಮ್ಮಲ್ಲಿ ರಾಶಿ ಬಿದ್ದಿರುವಾಗ ಅದನ್ನು ಬಿಟ್ಟು ಇರುವೆಯ ಕತೆ ಏಕೆ?

ಕುಮಾರವ್ಯಾಸನನ್ನು ಎತ್ತಿಕೊಳ್ಳಿ. ಭಾಮಿನಿ ಷಟ್ಪದಿಯ ಸಾಲು ಮೂರು ನಾಲ್ಕು, ಮೂರು ನಾಲ್ಕು ಮಾತ್ರೆಗಳಲ್ಲಿ ನಡೆಯುತ್ತದೆ. ಮೂರನೆಯ, ಆರನೆಯ ಸಾಲುಗಳು ಮಾತ್ರ ಉದ್ದ, ಅಲ್ಲಿ ಉಸಿರು ತೆಗೆದುಕೊಳ್ಳಬಹುದು. ರಾಗ ಬಾರದಿದ್ದರೂ ಚಿಂತೆಯಿಲ್ಲ, ಆ ನಡಿಗೆ ಸಿಕ್ಕರೆ ಸಾಕು. ಗಮಕದಲ್ಲಿ ಒಬ್ಬರು ವಾಚನ ಮಾಡಿದರೆ ಇನ್ನೊಬ್ಬರು ವ್ಯಾಖ್ಯಾನ ಮಾಡುತ್ತಾರೆ. ಶಿವಮೊಗ್ಗದ ಹತ್ತಿರದ ಹೊಸಹಳ್ಳಿಯಲ್ಲಿ ಈಗಲೂ ಇದು ಜೀವಂತವಾಗಿದೆ. ತಾವು ಒಬ್ಬರೇ ಎರಡೂ ಆಗಬೇಕು, ಅಷ್ಟೆ.

ಮೊದಲಿಗೆ ವಿರಾಟಪರ್ವ. ಮಳೆ ಬಾರದ ವರ್ಷ ಊರೂರುಗಳಲ್ಲಿ ಅದನ್ನು ಓದಿಸುತ್ತಿದ್ದರು. ತಮ್ಮ ತಾಯಿಯವರು ಚಿಕ್ಕವರಿದ್ದಾಗ ಕೇಳಿರಲೂಬಹುದು. ನಗು ಬೇಕೆಂದಿರಿ: ಉತ್ತರಕುಮಾರ ಹೆಂಗಸರ ಮುಂದೆ ಜಂಬ ಕೊಚ್ಚಿ, ಕೌರವರ ಸೇನೆ ಕಂಡದ್ದೇ ರಥದಿಂದ ಧುಮುಕಿ ಓಡುವುದಕ್ಕಿಂತ ದೊಡ್ಡ ನಗು ಯಾವ ಹೊಸ ಪುಸ್ತಕದಲ್ಲಿದೆ?

ದೂರದ ಮೊಮ್ಮಗಳು

ಷಟ್ಪದಿ ಸರ್ ಬೈದರೂ ಸರಿ, ನಾನು ಹೊಸ ಪುಸ್ತಕವನ್ನೇ ಹೇಳುತ್ತೇನೆ. ನಾನಿರುವುದು ಡಬ್ಲಿನ್‌ನಲ್ಲಿ, ಅಜ್ಜಿ ಅರಸೀಕೆರೆಯಲ್ಲಿ. ನನ್ನ ಊಟದ ಬಿಡುವಿನಲ್ಲಿ ಫೋನ್ ಮಾಡಿ ಓದುತ್ತೇನೆ. ಅಲ್ಲಿ ಆಗ ದೀಪ ಹಚ್ಚುವ ಹೊತ್ತು.

2025ರ ಮೇ ತಿಂಗಳಲ್ಲಿ ಬಾನು ಮುಷ್ತಾಕ್ ಅವರಿಗೆ ಅಂತರರಾಷ್ಟ್ರೀಯ ಬೂಕರ್ ಬಂದಾಗ ನಾನು ಕೊಂಡದ್ದು ದೀಪಾ ಭಾಸ್ತಿಯವರ ಇಂಗ್ಲಿಷ್ ಅನುವಾದ 'ಹಾರ್ಟ್ ಲ್ಯಾಂಪ್'. ಹಾಸನದ ಕಡೆಯ ಹುಡುಗಿ ಹಾಸನದ ಲೇಖಕಿಯನ್ನು ಇಂಗ್ಲಿಷಿನಲ್ಲಿ ಓದುತ್ತಿದ್ದೇನಲ್ಲ ಎಂದು ನಾಚಿಕೆಯಾಯಿತು. ಆ ಅನುವಾದದಲ್ಲಿ ನಮ್ಮ ಪದಗಳನ್ನು ಓರೆ ಅಕ್ಷರದಲ್ಲಿ ಬೇರೆ ಮಾಡಿ ತೋರಿಸಿಲ್ಲ, ಅಡಿಟಿಪ್ಪಣಿಯೂ ಇಲ್ಲ. ಇಂಗ್ಲಿಷಿನೊಳಗೇ ಕನ್ನಡ ಕೇಳಿಸುತ್ತಿತ್ತು. ಆಮೇಲೆ ತಂಗಿಯಿಂದ ಕನ್ನಡದ ಪುಸ್ತಕ ತರಿಸಿಕೊಂಡೆ.

'ಎದೆಯ ಹಣತೆ' ಕತೆಯನ್ನು ಅಜ್ಜಿಗೆ ಓದಿದೆ. ಗಂಡ ಬಿಟ್ಟ ಮೆಹರುನ್, ತವರಿನಲ್ಲೂ ಜಾಗವಿಲ್ಲದೆ ಸೀಮೆಎಣ್ಣೆ ಸುರಿದುಕೊಳ್ಳುವ ರಾತ್ರಿ, ಅವಳನ್ನು ತಡೆಯುವ ಮಗಳು ಸಲ್ಮಾ. ಮುಗಿದ ಮೇಲೆ ಫೋನ್ ಕಡಿದುಹೋಯಿತೇನೋ ಎನ್ನುವಷ್ಟು ಮೌನ. ಕೊನೆಗೆ ಅಜ್ಜಿ ಕೇಳಿದ್ದು: "ಆ ಹುಡುಗಿ ಅವತ್ತು ಏನಾದರೂ ತಿಂದಿತೇನೇ?"

ನಗುವಿನ ಕತೆಯಲ್ಲ, ಮೊದಲೇ ಹೇಳಿದ್ದೇನೆ. ನಿಮ್ಮ ಅಮ್ಮನಿಗೆ ಹಗಲಿನಲ್ಲಿ ಓದಿ, ಮಲಗುವ ಮುಂಚೆ ಬೇಡ.

ಕಪಿಲೆಯ ದಡ

ನಮ್ಮ ಕಡೆಯ ಪುಸ್ತಕವನ್ನು ಯಾರೂ ಹೇಳಲಿಲ್ಲವಲ್ಲ ಎಂದು ಬರೆಯುತ್ತಿದ್ದೇನೆ. ದೇವನೂರ ಮಹಾದೇವರ 'ಕುಸುಮಬಾಲೆ'. ನಾನು ನಂಜನಗೂಡಿನವನಾಗಿಯೂ ಮೂರು ಸಲ ಹತ್ತು ಪುಟಕ್ಕೆ ಸೋತು ಮುಚ್ಚಿಟ್ಟಿದ್ದೆ. ನಮ್ಮ ಮನೆಯ ಮಾತೇ ಅಕ್ಷರವಾಗಿ ಎದುರು ನಿಂತಾಗ ಗುರುತು ಸಿಗಲಿಲ್ಲ. ಹೋದ ತಿಂಗಳು ಕರೆಂಟ್ ಹೋದ ಸಂಜೆ ಜಗಲಿಯಲ್ಲಿ ಕುಳಿತು ಟಾರ್ಚ್ ಹಿಡಿದು ಗಟ್ಟಿಯಾಗಿ ಓದಿದೆ. ಗಂಟು ಬಿಚ್ಚಿದ ಹಾಗೆ ಬಿಚ್ಚಿಕೊಂಡಿತು. ರಾತ್ರಿ ಮನೆಮನೆಯ ದೀಪಗಳ ಜೋತಮ್ಮಂದಿರು ಒಂದೆಡೆ ಸೇರಿ ಮಾತಾಡುವ ಭಾಗದಲ್ಲಿ ಪಕ್ಕದ ಮನೆಯವರೂ ಬಂದು ನಿಂತರು. ಎಲ್. ಬಸವರಾಜು ಅವರು ಆ ಗದ್ಯವನ್ನೇ ಪದ್ಯದ ಸಾಲುಗಳಾಗಿ ಜೋಡಿಸಿದ್ದು ಏಕೆ ಎಂದು ಆಗ ತಿಳಿಯಿತು. ಷಟ್ಪದಿ ಸರ್, ಕಿವಿಗಾಗಿ ಬರೆದ ಕಾದಂಬರಿಯೂ ಉಂಟು.

ಆದರೆ ತೀರ್ಥಹಳ್ಳಿಯ ತಾಯಿಗೆ ನಮ್ಮ ಮಾತು ಒಮ್ಮೆಲೇ ಕಷ್ಟವಾಗಬಹುದು. ಮಹಾದೇವರದೇ 'ಒಡಲಾಳ'ದಿಂದ ಶುರು ಮಾಡಿ. ತೆಳ್ಳಗಿನ ಪುಸ್ತಕ. ಸಾಕವ್ವನ ಹುಂಜ ಕಳೆದುಹೋಗಿದೆ, ಅಷ್ಟೇ ಕತೆ. ಕದ್ದು ತಂದ ಕಡಲೆಕಾಯಿಯನ್ನು ಮನೆಯವರೆಲ್ಲ ಒಲೆಯ ಸುತ್ತ ಕುಳಿತು ತಿನ್ನುವ ರಾತ್ರಿಯೊಂದು ಬರುತ್ತದೆ. ಅದನ್ನು ನಿಧಾನಕ್ಕೆ ಓದಿ.

ದಾವಣಗೆರೆಯವ

ಎಲ್ಲರಿಗೂ ಕೃತಜ್ಞತೆಗಳು. ಹತ್ತು ದಿನಗಳ ವರದಿ ಒಪ್ಪಿಸುತ್ತಿದ್ದೇನೆ.

ಷಟ್ಪದಿ ಸರ್, ಗೆದ್ದಿರಿ. ಉತ್ತರಕುಮಾರನ ಪದ್ಯಗಳನ್ನು ತಪ್ಪುತಪ್ಪಾಗಿ ಬಿಡಿಸಿ ಓದಿದೆ. ಎರಡನೆಯ ಪದ್ಯಕ್ಕೇ ಅಮ್ಮ, "ಇದನ್ನು ನಮ್ಮ ಅಪ್ಪಯ್ಯ ಚಾವಡಿಯಲ್ಲಿ ಓದಿಸಿದ್ದರು. ನಾನು ಕಂಬಕ್ಕೆ ಒರಗಿ ನಿದ್ದೆ ಹೋಗಿದ್ದೆ, ಯಾರೋ ಎತ್ತಿಕೊಂಡು ಬಂದು ಮಲಗಿಸಿದ್ದರು. ಅವನು ಓಡಿಹೋದದ್ದು ನನಗೆ ಇವತ್ತೇ ಗೊತ್ತಾದದ್ದು ನೋಡು" ಎಂದಳು. ಅವತ್ತು ತಟ್ಟೆಯಲ್ಲಿ ಇದ್ದದ್ದು ಏಳು ಬತ್ತಿ. ಆದರೆ ನನ್ನ ವ್ಯಾಖ್ಯಾನ ತೀರಾ ಬಡಕಲು, ಅರ್ಥಕೋಶ ಪಕ್ಕಕ್ಕಿಟ್ಟುಕೊಂಡರೂ ದಿನಕ್ಕೆ ಆರು ಪದ್ಯ ದಾಟುವುದಿಲ್ಲ.

ಟೀಚರ್, 'ಕರ್ವಾಲೋ' ಅಂಗಡಿಗೆ ಹೇಳಿಟ್ಟಿದ್ದೇನೆ. ಮೊಮ್ಮಗಳೇ, ನಿನ್ನ ಅಜ್ಜಿಯ ಪ್ರಶ್ನೆಯನ್ನು ಅಮ್ಮನಿಗೆ ಹೇಳಿದೆ. "ನಾನೂ ಅದನ್ನೇ ಕೇಳುತ್ತಿದ್ದೆ" ಎಂದಳು. ಕತೆಯನ್ನು ಇನ್ನೂ ಓದಿಲ್ಲ, ಧೈರ್ಯ ಬೇಕು.

'ಒಡಲಾಳ' ನನ್ನ ಕಪಾಟಿನಲ್ಲೇ ಇತ್ತು. ನಿನ್ನೆ ಕಡಲೆಕಾಯಿಯ ರಾತ್ರಿಗೆ ಬಂದೆವು. ಸಾಕವ್ವನ ಮಾತನ್ನು ನಾನು ಎಡವಿ ಎಡವಿ ಓದುತ್ತಿದ್ದರೂ ಅಮ್ಮನ ಕೈ ನಿಂತಿತ್ತು. ಅರ್ಧ ಪುಟ ಆಗಿರಬಹುದು. "ನಿಲ್ಲಿಸು. ಅಡುಗೆಮನೆಯ ಡಬ್ಬದಲ್ಲಿ ಹುರಿದ ಕಡಲೆಕಾಯಿ ಇದೆ, ತಾ" ಎಂದಳು. ತಂದೆ. ಇಬ್ಬರೂ ಸುಲಿದು ತಿನ್ನುತ್ತಾ ಕೂತೆವು, ಸಿಪ್ಪೆಯೆಲ್ಲ ಹತ್ತಿಯ ಮೇಲೆ. ಓದು ಅಲ್ಲಿಗೇ ನಿಂತಿದೆ, ಮುಂದಿನದು ಇಂದು ರಾತ್ರಿ.

ಬೆಳಿಗ್ಗೆ ಹೆಂಡತಿ ದೇವರ ಮನೆಯಿಂದ ಕೂಗಿದಳು, ದೀಪಕ್ಕೆ ಒಂದು ಬತ್ತಿಯೂ ಇಲ್ಲವಂತೆ.