ಎಚ್‌ಡಿ 560ಎಸ್, ಡಿಟಿ 990 ಪ್ರೊ, ಎಚ್‌ಇ400ಎಸ್‌ಇ: ಹಾಡಿಗೂ ಗೇಮಿಗೂ ಒಂದೇ ಹೆಡ್‌ಫೋನ್ ಬೇಕು, ಯಾವುದು ತಗೊಳ್ಳಲಿ?

ಆಲಮಟ್ಟಿ_ಅಲೆ, ಬಾಗಲಕೋಟೆ

ಎಲ್ಲರಿಗೂ ನಮಸ್ಕಾರ. ನವನಗರದಲ್ಲಿ ಮನೆ, ಮೇಲಿನ ಖೋಲಿ ನನ್ನೊಬ್ಬನದೇ. ರಾತ್ರಿ ಹೊತ್ತು ಗದ್ದಲ ಇರೋದಿಲ್ಲ, ಹಾಗಾಗಿ ಈ ಸಲ ಓಪನ್ ಬ್ಯಾಕ್ (ಕಪ್ಪಿನ ಹಿಂಬದಿ ತೆರೆದಿರುವ) ಹೆಡ್‌ಫೋನೇ ತಗೊಳ್ಳೋಣ ಅಂತ ಗಟ್ಟಿ ಮಾಡಿದ್ದೇನೆ. ಹದಿನೈದು ಸಾವಿರದ ಆಸುಪಾಸು ಹಾಕಬಹುದು, ಒಂದೆರಡು ಸಾವಿರ ಮೇಲೆ ಹೋದರೂ ಅಡ್ಡಿಯಿಲ್ಲ.

ನೋಡಿಟ್ಟಿರೋದು ಮೂರು. ಸೆನ್ಹೈಸರ್ ಎಚ್‌ಡಿ 560ಎಸ್, ಬೇಯರ್‌ಡೈನಾಮಿಕ್ ಡಿಟಿ 990 ಪ್ರೊ 250 ಓಮ್ (ವಿದ್ಯುತ್ತಿಗೆ ಒಡ್ಡುವ ತಡೆಯ ಅಳತೆ), ಹೈಫೈಮ್ಯಾನ್ ಎಚ್‌ಇ400ಎಸ್‌ಇ.

ಅರ್ಧ ಹೊತ್ತು ಹಾಡು, ಅರ್ಧ ಹೊತ್ತು ಗೇಮ್. ಹಾಡಂದ್ರೆ ಜಾಸ್ತಿ ಹಿಂದೂಸ್ತಾನಿ ಗಾಯನ, ಹಾರ್ಮೋನಿಯಂ, ಆಮೇಲೆ ನಮ್ಮ ಕಡೆಯ ಕರಡಿ ಮಜಲು (ಕರಡಿ ಅನ್ನೋ ಚರ್ಮವಾದ್ಯದ ಮೇಳ), ನಡುನಡುವೆ ಸಿನಿಮಾ ಹಾಡು. ಗೇಮಂದ್ರೆ ವ್ಯಾಲರಂಟ್ ಮತ್ತು ಸಿಎಸ್2 (ಕೌಂಟರ್-ಸ್ಟ್ರೈಕ್ 2), ಎದುರಾಳಿಯ ಹೆಜ್ಜೆ ಸದ್ದು ಕೇಳಿ ಗುಂಡು ಹಾರಿಸುವ ಆಟಗಳು. ಓದಿದಲ್ಲೆಲ್ಲ ಒಂದೇ ಮಾತು: ಗೇಮಿಗೆ 990, ಹಾಡಿಗೆ 560ಎಸ್. ಎರಡಕ್ಕೂ ಒಂದೇ ತಗೊಳ್ಳುವವನು ಏನು ಮಾಡಬೇಕು? ಸೌಂಡ್‌ಸ್ಟೇಜ್ ಅಂತಾರಲ್ಲ, ಸದ್ದು ಎಷ್ಟು ಅಗಲಕ್ಕೆ ಹರಡಿದ ಹಾಗೆ ಕೇಳುತ್ತೆ ಅನ್ನೋದು, ಅದು ಈ ಮೂರರಲ್ಲಿ ನಿಜವಾಗಲೂ ಅಷ್ಟು ಬೇರೆ ಇರುತ್ತಾ? ತಲೆಗೆ ಹಾಕಿಕೊಂಡು ಕೇಳಿ ನೋಡುವಂಥ ಅಂಗಡಿ ಇಲ್ಲಿ ನನಗೆ ಸಿಕ್ಕಿಲ್ಲ, ಅದಕ್ಕೇ ಬಳಸಿದವರನ್ನೇ ಕೇಳುತ್ತಿದ್ದೇನೆ.

ಹಾರ್ಮೋನಿಯಂ_ಬೆಳಗಾವಿ, ಬೆಳಗಾವಿ

ನನ್ನ ಹತ್ತಿರ 560ಎಸ್ ಇದೆ, ನನ್ನ ತಮ್ಮನದು 990 ಪ್ರೊ, ನೀವು ಹೇಳಿದ 250 ಓಮಿನದೇ. ಒಂದೇ ಮನೆ, ಒಂದೇ ಕಂಪ್ಯೂಟರ್, ಬದಲಿಸಿ ಬದಲಿಸಿ ಕೇಳುತ್ತೇವೆ. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಗೇಮಿಗೊಂದು, ಹಾಡಿಗೊಂದು ಅನ್ನೋದನ್ನು ಮೊದಲು ತಲೆಯಿಂದ ತೆಗೆದುಬಿಡಿ. ಹೆಜ್ಜೆ ಸದ್ದು ಎಡಕ್ಕೋ ಬಲಕ್ಕೋ ಅಂತ ನಮಗೆ ಗೊತ್ತಾಗೋದು ಅದು ಎರಡು ಕಿವಿಗೆ ಬೇರೆ ಬೇರೆಯಾಗಿ ಮುಟ್ಟೋದರಿಂದ. ಪಕ್ಕದಿಂದ ಬಂದ ಸದ್ದು ಆಚೆ ಕಿವಿಗೆ ಹೆಚ್ಚೆಂದರೆ 0.6ರಿಂದ 0.7 ಮಿಲಿಸೆಕೆಂಡ್ ತಡವಾಗಿ ಹೋಗುತ್ತದೆ. ಸುಮಾರು 1500 ಹರ್ಟ್ಜ್‌ಗಿಂತ ಕೆಳಗಿನ ಸದ್ದಿಗೆ ಮಿದುಳು ಮುಖ್ಯವಾಗಿ ಈ ತಡವನ್ನೇ ಹಿಡಿಯುತ್ತದೆ. ಅದಕ್ಕೂ ಮೇಲಿನದಕ್ಕೆ ತಲೆ ಅಡ್ಡ ಬಂದು ಆಚೆ ಕಿವಿಯಲ್ಲಿ ಸದ್ದು ಸಣ್ಣದಾಗೋದನ್ನು ಹಿಡಿಯುತ್ತದೆ. ಹಿಂದೆಯೋ ಮುಂದೆಯೋ, ಮೇಲೋ ಕೆಳಗೋ ಅನ್ನೋದಕ್ಕೆ ಹೊರಗಿವಿಯ ಮಡಿಕೆಗಳು ಬೇಕು. ಗೇಮಿನಲ್ಲಿ ಇದನ್ನೆಲ್ಲ ಲೆಕ್ಕ ಹಾಕಿ ಎರಡು ಚಾನೆಲ್‌ಗೆ ಇಳಿಸೋದು ಗೇಮಿನೊಳಗಿನ ಎಚ್‌ಆರ್‌ಟಿಎಫ್ ಅನ್ನೋ ಸೆಟ್ಟಿಂಗ್. ಎಡ ಬಲ ಎರಡೂ ಸಮನಾಗಿದ್ದು, ಮೇಲಿನ ಮಧ್ಯಭಾಗ ಮಸುಕಾಗದೆ ಕೇಳಿಸಿದರೆ ಹೆಡ್‌ಫೋನಿನ ಪಾಲಿನ ಕೆಲಸ ಮುಗಿಯಿತು. ಈ ಮೂರೂ ಅಷ್ಟು ಮಾಡುತ್ತವೆ. 990ರಲ್ಲಿ ಹೆಜ್ಜೆ ಸದ್ದು ಜಾಸ್ತಿ ಚುರುಕಾಗಿ ಕೇಳಿಸುತ್ತದೆ ಅನ್ನೋದು ನಿಜ, ಟ್ರೆಬಲ್ (ಮೇಲಿನ ಚೂಪು ಸದ್ದು) ಜಾಸ್ತಿ ಇರೋದೇ ಅದಕ್ಕೆ ಕಾರಣ. ದಿಕ್ಕು ಜಾಸ್ತಿ ಸರಿಯಾಗಿ ತಿಳಿಯುತ್ತೆ ಅಂತೇನೂ ಇಲ್ಲ. 560ಎಸ್‌ನಲ್ಲಿ ಡ್ರೈವರನ್ನು ಸ್ವಲ್ಪ ಓರೆಯಾಗಿ ಕೂರಿಸಿದ್ದಾರೆ, ಸದ್ದು ಕಿವಿಯ ಮುಂದಿನಿಂದ ಬಂದ ಹಾಗೆ ಆಗಲಿ ಅಂತ. ನನಗಂತೂ ಮುಂದೆ ಯಾರು, ಪಕ್ಕದಲ್ಲಿ ಯಾರು ಅಂತ ಬಿಡಿಸಿ ಹೇಳೋದು ಇದರಲ್ಲೇ ಸುಲಭ.

ಹಾಗಾಗಿ ಹಾಡನ್ನು ನೋಡಿ ಆರಿಸಿ, ಗೇಮ್ ತಾನಾಗಿ ನಡೆಯುತ್ತದೆ. ಹಾಡಿನಲ್ಲಿ ಎರಡಕ್ಕೂ ಬಹಳ ಫರಕು ಇದೆ. 990ರಲ್ಲಿ ಬೇಸ್ (ಕೆಳಗಿನ ದಪ್ಪ ಸದ್ದು) ಉಬ್ಬಿದೆ, 8 ಕಿಲೋಹರ್ಟ್ಜ್ ಸುತ್ತಮುತ್ತ ಟ್ರೆಬಲ್ ಚೂಪಾಗಿ ಮೇಲೆದ್ದಿದೆ, ಮಧ್ಯದ್ದು ಹಿಂದೆ ಸರಿದಿದೆ. ಗಾಯನ ಕೇಳುವವರಿಗೆ ಇದು ನೇರವಾಗಿ ತಾಗುತ್ತದೆ. ಒಂದು ಖ್ಯಾಲ್ ಹಚ್ಚಿ ನೋಡಿ. ಕುದುರೆಯ (ತಂತಿ ಕೂರುವ ಪಟ್ಟಿಯ) ಮೇಲೆ ತಂತಿಯ ಕೆಳಗೆ ನೂಲು ಇಟ್ಟು ಹದ ಮಾಡಿದಾಗ ತಂಬೂರಿಗೆ ಬರುವ ಆ ಜವಾರಿ, ಆ ಝೇಂಕಾರ ಇದೆಯಲ್ಲ, 990ರಲ್ಲಿ ಅದು ಗಾಯಕರಿಗಿಂತ ಮುಂದೆ ಬಂದು ಕೂರುತ್ತದೆ. ಮೊದಮೊದಲು ಆಹಾ ಎಷ್ಟು ಸ್ಪಷ್ಟ ಅನ್ನಿಸುತ್ತದೆ. ವಿಲಂಬಿತ ಮುಗಿದು ದ್ರುತ್‌ಗೆ ಬರುವ ಹೊತ್ತಿಗೆ ಕಿವಿ ದಣಿದಿರುತ್ತದೆ, ಸ, ಶ, ಚ ಬಂದಾಗಲೆಲ್ಲ ಚುಚ್ಚುತ್ತದೆ. 560ಎಸ್‌ನಲ್ಲಿ ದನಿ ತನ್ನ ಜಾಗದಲ್ಲಿರುತ್ತದೆ, ತಂಬೂರಿ ಅದರ ಹಿಂದೆ. ನಮ್ಮ ಬೆಳಗಾವಿಯ ರಾಮಭಾವು ವಿಜಾಪುರೆ ಮಾಸ್ತರರ ಹಾರ್ಮೋನಿಯಂ ಹಚ್ಚಿದರೆ ತಿದಿಯ ಉಸಿರು, ಬೆರಳು ಬಿಟ್ಟಾಗ ಮನೆ (ಕೀ) ಮೇಲೆ ಬರುವ ಸಣ್ಣ ಟಕ್ ಸದ್ದು, ಒಂದು ಸ್ವರ ಇನ್ನೊಂದಕ್ಕೆ ಅಂಟಿಕೊಳ್ಳುವುದು, ಎಲ್ಲ ಬಿಡಿಬಿಡಿಯಾಗಿ ಸಿಗುತ್ತದೆ. 560ಎಸ್‌ನ ಕೊರತೆ ಅಂದ್ರೆ ತೀರಾ ಆಳದ ಬೇಸ್. ಕರಡಿಯ ಪೆಟ್ಟು ಚೆನ್ನಾಗಿ ಕೇಳಿಸುತ್ತದೆ, ಆದರೆ ಅದರ ಗುಡುಗು ಪೂರ್ತಿ ಬರೋದಿಲ್ಲ.

ಸೌಂಡ್‌ಸ್ಟೇಜ್ ಬಗ್ಗೆ ಒಂದೇ ಮಾತು. ಕುಮಾರ ಗಂಧರ್ವರು ಹುಟ್ಟಿದ್ದು ಇಲ್ಲೇ ಸುಳೇಭಾವಿಯಲ್ಲಿ, 1924ರಲ್ಲಿ. ಅವರ ಎಳವೆಯ ಹಳೆಯ ಪ್ಲೇಟುಗಳೆಲ್ಲ ಮೋನೊ. ಮೋನೊ ಅಂದ್ರೆ ಎರಡೂ ಕಿವಿಗೆ ಒಂದೇ ಸದ್ದು, ಯಾವ ಹೆಡ್‌ಫೋನ್ ಹಾಕಿದರೂ ಅದು ತಲೆಯ ನಡುವೆಯೇ ನಿಲ್ಲುತ್ತದೆ. ನೀವು ಹಳೆಯದನ್ನು ಜಾಸ್ತಿ ಕೇಳುವವರಾದರೆ ಸ್ಟೇಜ್ ಅಗಲಕ್ಕೆ ದುಡ್ಡು ಕೊಡೋದು ಸುಮ್ನೆ ದಂಡ.

ಮಗ್ಗದಮನೆ, ಬನಹಟ್ಟಿ

ತಮ್ಮಾ, ಮಾಡೆಲ್ ಆಮೇಲೆ. ಮೊದಲು ಖೋಲಿಯಲ್ಲಿ ಎಷ್ಟು ಸದ್ದಿದೆ ನೋಡು. ನಮ್ಮ ಮನೆಗೆ ಅಂಟಿಕೊಂಡೇ ಪವರ್‌ಲೂಮ್ ಶೆಡ್ ಇದೆ. ಮಗ್ಗ ಓಡುವಾಗ ಓಪನ್ ಬ್ಯಾಕ್ ಹಾಕಿಕೊಂಡರೆ ಹಾಡಿನ ಜೊತೆ ಲಾಳಿಯ ಸದ್ದೂ ಪೂರ್ತಿ ಕೇಳುತ್ತದೆ, ಒಂಚೂರೂ ತಡೆಯೋದಿಲ್ಲ. ಆಗ ಕೈ ತಾನಾಗಿ ವಾಲ್ಯೂಮ್ ಕಡೆ ಹೋಗುತ್ತದೆ. ಅದೇ ಅಪಾಯ. ವಿಶ್ವ ಆರೋಗ್ಯ ಸಂಸ್ಥೆ ಹೇಳೋದು 80 ಡೆಸಿಬಲ್ ಆದರೆ ವಾರಕ್ಕೆ 40 ಗಂಟೆ, 90 ಡೆಸಿಬಲ್‌ಗೆ ಹೋದರೆ ವಾರಕ್ಕೆ ಬರೀ 4 ಗಂಟೆ. ನೇಕಾರರ ಮನೆಗಳಲ್ಲಿ ಕಿವಿ ಮಂದ ಆದವರನ್ನು ನೋಡುತ್ತಾ ಬೆಳೆದವನು ನಾನು, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ.

ನಿನ್ನ ಖೋಲಿ ರಾತ್ರಿ ತಣ್ಣಗಿರುತ್ತೆ ಅಂದರೆ ಸರಿ. ಆದರೆ ಫ್ಯಾನ್ ಹಚ್ಚಿದಾಗ ಹೇಗಿರುತ್ತೆ ಅಂತಲೂ ನೋಡು. ಇನ್ನೊಂದು, ಓಪನ್ ಬ್ಯಾಕ್‌ನಲ್ಲಿ ಸದ್ದು ಹೊರಗೂ ಬರುತ್ತದೆ. ಮೈಕ್ ಮೇಜಿನ ಮೇಲಿಟ್ಟು ಸೆನ್ಸಿಟಿವಿಟಿ ಜಾಸ್ತಿ ಇಟ್ಟರೆ ನಿನ್ನ ಗೇಮಿನ ಗುಂಡಿನ ಸದ್ದು ಟೀಮಿನವರಿಗೆ ವಾಪಸ್ ಹೋಗುತ್ತದೆ.

ಬಾರಾಕಮಾನ್, ವಿಜಯಪುರ

ನಾನು ಎಚ್‌ಇ400ಎಸ್‌ಇ ಬಳಸುವವನು, ಆ ಕಡೆಯಿಂದ ಹೇಳುತ್ತೇನೆ.

ಇದು ಪ್ಲೇನರ್. ಬೇರೆ ಎರಡರಲ್ಲಿ ಪೊರೆಗೆ ಕಾಯಿಲ್ ಅಂಟಿಸಿರುತ್ತಾರೆ, ಇದರಲ್ಲಿ ತೆಳ್ಳನೆಯ ಹಾಳೆಯ ಮೇಲೆಯೇ ತಂತಿಯ ಗೆರೆ ಹಾಸಿರುತ್ತದೆ, ಇಡೀ ಹಾಳೆ ಒಟ್ಟಿಗೆ ಅಲುಗುತ್ತದೆ. ಇದರಿಂದ ಬೇಸ್ ತೀರಾ ಆಳದವರೆಗೂ ಕುಗ್ಗದೆ ಒಂದೇ ಸಮ ಹೋಗುತ್ತದೆ. ಹಾರ್ಮೋನಿಯಂ ಅಣ್ಣ ಹೇಳಿದ ಕರಡಿಯ ಗುಡುಗು ಇದರಲ್ಲಿ ಬರುತ್ತದೆ. ಕರಡಿ, ಶಹನಾಯಿ, ತಾಳ ಮೂರೂ ಒಟ್ಟಿಗೆ ಏರಿದಾಗ ಒಂದರ ಮೇಲೊಂದು ಬಿದ್ದು ಕಲಸಿಹೋಗೋದಿಲ್ಲ. ನನಗೆ ಇದು ಇಷ್ಟವಾಗಿದ್ದೇ ಅದಕ್ಕೆ.

ಆದರೆ ತೂಕ ನೋಡಿ. 560ಎಸ್ 240 ಗ್ರಾಂ, 990 ಸುಮಾರು 250, ಇದು 390. ನಮ್ಮ ವಿಜಯಪುರದ ಏಪ್ರಿಲ್, ಮೇ ತಿಂಗಳಲ್ಲಿ ಎರಡು ಗಂಟೆ ಹಾಕಿಕೊಂಡು ಕೂತರೆ ನೆತ್ತಿ ನೋಯುತ್ತದೆ, ಕಿವಿ ಸುತ್ತ ಬೆವರುತ್ತದೆ. ಬಾಗಲಕೋಟೆಯ ಬಿಸಿಲೇನು ಕಡಿಮೆಯಲ್ಲ. ಆರಾಮದ ವಿಷಯದಲ್ಲಿ 990ರ ಮಖಮಲ್ಲಿನ ಕುಶನ್‌ಗೆ ನಾನು ಮೊದಲ ಜಾಗ ಕೊಡುತ್ತೇನೆ, ಚರ್ಮದ ಹಾಗೆ ಅಂಟೋದಿಲ್ಲ, ಹಳೆಯದಾದರೆ ಬದಲಿಸಲೂಬಹುದು. ಅದರ ವೈರ್ ಮಾತ್ರ ಬಿಚ್ಚಲು ಬರೋದಿಲ್ಲ, ಸುರುಳಿ ವೈರ್ ಬೇರೆ. ಉಳಿದೆರಡರಲ್ಲಿ ವೈರ್ ಹಾಳಾದರೆ ಹೊಸದು ಹಾಕಿಕೊಂಡು ಮುಂದೆ ಹೋಗಬಹುದು. 560ಎಸ್ ಹೊಸದರಲ್ಲಿ ತಲೆಯನ್ನು ಸ್ವಲ್ಪ ಬಿಗಿಯಾಗಿ ಹಿಡಿಯುತ್ತದೆ, ಕನ್ನಡಕ ಇದ್ದವರು ಇದನ್ನು ಲೆಕ್ಕಕ್ಕೆ ತಗೊಳ್ಳಿ.

ಸ್ಟೇಜ್ ಬಗ್ಗೆ ಕೇಳಿದಿರಲ್ಲ. ಓಪನ್ ಬ್ಯಾಕ್ ಅಂದ ತಕ್ಷಣ ಗೋಳಗುಮ್ಮಟದೊಳಗೆ ನಿಂತ ಹಾಗೆ ಸುತ್ತಲಿಂದ ಕೇಳುತ್ತೆ ಅಂತ ಆಸೆ ಇಟ್ಟುಕೊಳ್ಳಬೇಡಿ. ಅಲ್ಲಿ ಗೋಡೆ ಸದ್ದನ್ನು ತಿರುಗಿ ಕಳಿಸುತ್ತದೆ. ಇಲ್ಲಿ ನಡೆಯೋದು ಅದಕ್ಕೆ ಪೂರ್ತಿ ಉಲ್ಟಾ. ಹಿಂಬದಿಯ ಸದ್ದು ಕಪ್ಪಿಗೆ ಬಡಿದು ವಾಪಸ್ ಬರದೆ ಹೊರಗೆ ಹೋಗಿಬಿಡುತ್ತದೆ, ಅದಕ್ಕೇ ಬಿಡುವಾಗಿ ಅನ್ನಿಸುತ್ತದೆ. ಮೂರರಲ್ಲಿ ಅಗಲ ಜಾಸ್ತಿ ಅನ್ನಿಸೋದು 990, ಆಮೇಲೆ 560ಎಸ್, ನನ್ನದು ಸ್ವಲ್ಪ ಒತ್ತಾಗಿದೆ. ಬರೀ ಅಗಲವೇ ಬೇಕು, ಬೇಸ್ ತೆಳುವಾದರೂ ನಡೆಯುತ್ತೆ ಅನ್ನುವವರು ಎಕೆಜಿ ಕೆ702 ನೋಡಬಹುದು.

ಆಲಮಟ್ಟಿ_ಅಲೆ, ಬಾಗಲಕೋಟೆ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಹೆಚ್ಚುಕಮ್ಮಿ 560ಎಸ್ ಕಡೆ ವಾಲುತ್ತಿದ್ದೇನೆ. ಎರಡು ಡೌಟ್ ಉಳಿದಿವೆ. ಆಂಪ್ (ಹೆಡ್‌ಫೋನಿಗೆ ಶಕ್ತಿ ಕೊಡುವ ಆಂಪ್ಲಿಫೈಯರ್) ಬೇಕಾ? ಈಗ ಸಿಪಿಯು ಮುಂದಿನ ಜ್ಯಾಕ್‌ಗೆ ಹಾಕಿದರೆ ಹಿಂದೆ ಸಣ್ಣಗೆ ಗುಂಯ್ ಅನ್ನುತ್ತದೆ, ಮೌಸ್ ಆಡಿಸಿದರೆ ಅದೂ ಬದಲಾಗುತ್ತದೆ. ಎರಡನೆಯದು, ವರ್ಚುವಲ್ 7.1 (ಸುತ್ತಲೂ ಸ್ಪೀಕರ್ ಇದ್ದ ಹಾಗೆ ಕೇಳಿಸುವ ಸೆಟ್ಟಿಂಗ್) ಆನ್ ಮಾಡಬೇಕಾ ಬೇಡವಾ?

ಹಾರ್ಮೋನಿಯಂ_ಬೆಳಗಾವಿ, ಬೆಳಗಾವಿ

7.1 ಬೇಡವೇ ಬೇಡ. ವ್ಯಾಲರಂಟ್‌ನಲ್ಲಿ ಎಚ್‌ಆರ್‌ಟಿಎಫ್ ಆನ್ ಮಾಡಿ, ವಿಂಡೋಸ್‌ನಲ್ಲಿ ಬರೀ ಸ್ಟೀರಿಯೊ ಇಡಿ. ಗೇಮ್ ಒಮ್ಮೆ ಲೆಕ್ಕ ಹಾಕಿ ಕಳಿಸಿದ ಸದ್ದಿಗೆ ವಿಂಡೋಸ್ ಸೋನಿಕ್ ಆಗಲಿ ಡಾಲ್ಬಿ ಆಗಲಿ ಇನ್ನೊಂದು ಸಲ ಅದೇ ಕೆಲಸ ಮಾಡಿದರೆ ದಿಕ್ಕು ಕಲಸಿ ಹೋಗುತ್ತದೆ. ಹೆಜ್ಜೆ ಸದ್ದು ಬಚ್ಚಲಿನಿಂದ ಬಂದ ಹಾಗೆ ಕೇಳುತ್ತದೆ. ಸಿಎಸ್2ರಲ್ಲೂ ಸ್ಟೀರಿಯೊವೇ ಸರಿ.

ಆಂಪ್ ಲೆಕ್ಕ ಹೀಗೆ. 560ಎಸ್ 120 ಓಮ್, 1 ವೋಲ್ಟ್ ಕೊಟ್ಟರೆ 110 ಡೆಸಿಬಲ್. 990 250 ಓಮ್, 1 ಮಿಲಿವ್ಯಾಟ್‌ಗೆ 96 ಡೆಸಿಬಲ್, ಅಂದ್ರೆ ಅದೇ 1 ವೋಲ್ಟ್‌ಗೆ ಸುಮಾರು 102. ಎಚ್‌ಇ400ಎಸ್‌ಇ 32 ಓಮ್, 1 ಮಿಲಿವ್ಯಾಟ್‌ಗೆ 91, 1 ವೋಲ್ಟ್‌ಗೆ ಸುಮಾರು 106, ಆದರೆ ಅದಕ್ಕೆ ಕರೆಂಟ್ ಜಾಸ್ತಿ ಬೇಕು. ಹಾಗಾಗಿ 560ಎಸ್‌ಗೆ 1 ವೋಲ್ಟ್ ಕೊಡುವ ಸಣ್ಣ ಯುಎಸ್‌ಬಿ ಡಾಂಗಲ್ (ಯುಎಸ್‌ಬಿಗೆ ಚುಚ್ಚಿ ಅದಕ್ಕೆ ಹೆಡ್‌ಫೋನ್ ಹಾಕುವ ಪುಟ್ಟ ಸಾಧನ) ಧಾರಾಳ ಸಾಕು. ನಿಮ್ಮ ಗುಂಯ್ ಸದ್ದಿಗೂ ಅದೇ ಮದ್ದು. ಮುಂದಿನ ಜ್ಯಾಕ್‌ನ ವೈರ್ ಕ್ಯಾಬಿನೆಟ್ ಒಳಗಿನ ಗದ್ದಲವನ್ನೆಲ್ಲ ಹಿಡಿದುಕೊಂಡು ಬರುತ್ತದೆ. ಪ್ಲಗ್ಗಿಗೆ ಅರ್ಥಿಂಗ್ ಸರಿಯಾಗಿದೆಯಾ ಅಂತಲೂ ಎಲೆಕ್ಟ್ರಿಷಿಯನ್‌ಗೆ ತೋರಿಸಿಬಿಡಿ.

ಮುಂದಿನ ಜ್ಯಾಕ್‌ನಲ್ಲಿ ಇನ್ನೊಂದು ತೊಂದರೆ ಇದೆ. ಕೆಲವು ಬೋರ್ಡ್‌ಗಳಲ್ಲಿ ಅದರ ಔಟ್‌ಪುಟ್ ಇಂಪೀಡೆನ್ಸ್ (ಜ್ಯಾಕ್‌ನ ಕಡೆಯ ತಡೆ, ಅದರ ಅಳತೆಯೂ ಓಮ್‌ನಲ್ಲೇ) ಜಾಸ್ತಿ. ಹೆಡ್‌ಫೋನಿನ ಓಮ್‌ನ ಎಂಟನೇ ಒಂದು ಭಾಗಕ್ಕಿಂತ ಕಡಿಮೆ ಇದ್ದರೆ ಒಳ್ಳೆಯದು. ಮೀರಿದರೆ ಡೈನಾಮಿಕ್ (ಪೊರೆಗೆ ಕಾಯಿಲ್ ಅಂಟಿಸಿದ) ಹೆಡ್‌ಫೋನಿನಲ್ಲಿ ಬೇಸ್ ಸ್ವಲ್ಪ ಊದಿಕೊಂಡು ಸಡಿಲವಾಗುತ್ತದೆ. ಬೇಸ್ ಇರುವ ಜಾಗದಲ್ಲೇ ಅವುಗಳ ಓಮ್ ಏರುತ್ತದೆ, ಅದಕ್ಕೆ. ಪ್ಲೇನರ್‌ಗೆ ಈ ಕಾಟ ಇಲ್ಲ.

ಮೇಲಿನ ಲೆಕ್ಕದಲ್ಲಿ 560ಎಸ್‌ಗೂ 990ಕ್ಕೂ 8 ಡೆಸಿಬಲ್ ಅಂತರ ಇದೆ ನೋಡಿ. ವಾಲ್ಯೂಮ್ ಮುಟ್ಟದೆ ಒಂದನ್ನು ಕಿತ್ತು ಇನ್ನೊಂದನ್ನು ಹಾಕಿದರೆ 560ಎಸ್ ಜೋರಾಗಿ ಕೇಳುತ್ತದೆ, ಜೋರಾಗಿರೋದು ಯಾವಾಗಲೂ ಚೆನ್ನಾಗಿದೆ ಅನ್ನಿಸುತ್ತದೆ. ವಿಡಿಯೊಗಳಲ್ಲಿ ಹತ್ತು ಸೆಕೆಂಡಿಗೊಮ್ಮೆ ಬದಲಿಸಿ ತೀರ್ಪು ಕೊಡುವವರನ್ನು ನಾನು ನಂಬದಿರೋದು ಇದಕ್ಕೇ. ಯಾರ ಹತ್ತಿರ ಕೇಳಲು ಹೋದರೂ ಮೊದಲು ಸದ್ದು ಸಮ ಮಾಡಿಸಿಕೊಳ್ಳಿ.

ಬಾರಾಕಮಾನ್, ವಿಜಯಪುರ

ಒಂದು ಸೇರಿಸುತ್ತೇನೆ. 990 ಕಡಿಮೆ ದರಕ್ಕೆ ಸಿಕ್ಕರೆ ಬಿಡಬೇಡಿ. ವಿಂಡೋಸ್‌ನಲ್ಲಿ ಸದ್ದಿನ ಬೇರೆ ಬೇರೆ ಭಾಗ ಏರಿಸಿ ಇಳಿಸುವ ಈಕ್ವಲೈಸರ್ ಎಪಿಒ ಫ್ರೀ ಸಿಗುತ್ತದೆ. ಅದರಲ್ಲಿ 8000 ಹರ್ಟ್ಜ್ ಹತ್ತಿರ 5 ಡೆಸಿಬಲ್ ಇಳಿಸಿ, ಕ್ಯೂ (ಎಷ್ಟು ಅಗಲದ ಭಾಗ ಇಳಿಯಬೇಕು ಅನ್ನೋದು) 2 ಇಡಿ. ನಿಮ್ಮ ಕಿವಿಗೆ ಚುಚ್ಚುವ ಜಾಗ 7500 ಇರಬಹುದು, 8500 ಇರಬಹುದು, ಅಲ್ಲಿ ಇಲ್ಲಿ ಸರಿಸಿ ನೋಡಿ. ಗಾಯನ ಕೇಳಲು ಎಷ್ಟೋ ಹಗುರಾಗುತ್ತದೆ. 560ಎಸ್‌ನಲ್ಲಿ ಬೇಸ್ ಏರಿಸುವುದಾದರೆ ಎಷ್ಟು ಏರಿಸುತ್ತೀರೋ ಅಷ್ಟನ್ನೇ ಪ್ರಿಆಂಪ್‌ನಲ್ಲಿ (ಅದರಲ್ಲೇ ಇರುವ ಒಟ್ಟು ಸದ್ದಿನ ಮಟ್ಟ) ಇಳಿಸಿ, ಇಲ್ಲಾಂದ್ರೆ ಸದ್ದು ಒಡೆಯುತ್ತದೆ.

ಆದರೆ ಫೋನಿನಲ್ಲಿ ಇದೆಲ್ಲ ಇಷ್ಟು ಸಲೀಸಲ್ಲ. ಫೋನಿಗೂ ಹಾಕುತ್ತೀರಿ ಅಂದರೆ ಹಾರ್ಮೋನಿಯಂ ಅಣ್ಣ ಹೇಳಿದ್ದೇ ಸರಿ, 560ಎಸ್ ತಗೊಳ್ಳಿ.

ಆಲಮಟ್ಟಿ_ಅಲೆ, ಬಾಗಲಕೋಟೆ

ಫೋನಿಗೂ ಬೇಕು ಸರ್. ಹಾಗಾದರೆ 560ಎಸ್ ಮತ್ತು ಒಂದು ಡಾಂಗಲ್. ಆಂಪ್ ದುಡ್ಡು ಉಳಿಯಿತು. ಹಾರ್ಮೋನಿಯಂ ಅಣ್ಣ, ಬರುವ ರವಿವಾರ ಬೆಳಗಾವಿಗೆ ಒಂದು ಮದುವೆಗೆ ಬರುತ್ತಿದ್ದೇನೆ. ತೊಂದರೆ ಇಲ್ಲಾಂದ್ರೆ ಎರಡನ್ನೂ ಒಮ್ಮೆ ಕೇಳಿ ಹೋಗಲಾ?

ಹಾರ್ಮೋನಿಯಂ_ಬೆಳಗಾವಿ, ಬೆಳಗಾವಿ

ತೊಂದರೆ ಏನು ಬಂತು, ಬನ್ನಿ. ವಿಳಾಸ ಮೆಸೇಜ್‌ನಲ್ಲಿ ಕಳಿಸುತ್ತೇನೆ. ನಾಲ್ಕರ ಮೇಲೆ ಬಂದರೆ ತಮ್ಮನೂ ಇರುತ್ತಾನೆ. ನೀವು ದಿನಾ ಕೇಳುವ ಹಾಡುಗಳನ್ನೇ ತನ್ನಿ, ಒಂದು ಗಾಯನ, ಒಂದು ಕರಡಿ ಮಜಲು ಇರಲಿ, ನನ್ನ ಹಾಡುಗಳಲ್ಲಿ ಕೇಳಿದರೆ ನಿಮಗೆ ಫರಕು ಬೇಗ ಸಿಗೋದಿಲ್ಲ. ನಿಮ್ಮ ಫೋನಿನಿಂದಲೇ ಕೇಳಿ ನೋಡೋಣ, ಡಾಂಗಲ್ ನಮ್ಮಲ್ಲಿದೆ. 560ಎಸ್‌ನ ಜ್ಯಾಕ್ 6.3 ಮಿ.ಮೀ., ಡಾಂಗಲ್‌ಗೆ ಹಾಕುವ ಅಡಾಪ್ಟರ್ ಡಬ್ಬಿಯಲ್ಲೇ ಬರುತ್ತದೆ, ಅದಕ್ಕೆ ಬೇರೆ ದುಡ್ಡು ಹಾಕಬೇಡಿ.