ಸುತ್ತಾಟಕ್ಕೆ ಒಂದೇ ಲೆನ್ಸ್: 18–140, 18–300, ಇಲ್ಲಾ 17–50?

ಅರೆಬೆಳಕು:
ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ ನಿಕಾನ್ ಡಿ5600 ಇದೆ. ಅದರ ಜೊತೆಗೆ ಬಂದ ಎಎಫ್-ಪಿ 18–55 ಲೆನ್ಸ್, ಆಮೇಲೆ ಕೊಂಡ 70–300 (ಈ ಅಂಕಿಗಳು ಮಿ.ಮೀ. ಲೆಕ್ಕದ ಫೋಕಲ್ ಲೆಂತ್: ಚಿಕ್ಕದಾದಷ್ಟೂ ನೋಟ ಅಗಲ, ದೊಡ್ಡದಾದಷ್ಟೂ ದೂರದ್ದು ಹತ್ತಿರ). ಎರಡರ ಮೇಲೂ ದೂರಿಲ್ಲ, ಬದಲಾಯಿಸುವುದೇ ತಲೆನೋವು. 18–55 ಹಾಕಿಕೊಂಡು ಹೊರಟರೆ ಮರದ ತುದಿಯಲ್ಲಿ ಮರಕುಟಿಗ ಕೂತಿರುತ್ತದೆ. ಚೀಲ ತೆಗೆದು 70–300 ಹಾಕಿ ಕಣ್ಣೆತ್ತುವಷ್ಟರಲ್ಲಿ ಅದು ಹಾರಿಹೋಗಿರುತ್ತದೆ. ಆಗ ಪಕ್ಕದಲ್ಲಿ ಮಗಳು ಏನೋ ತೋರಿಸಲು ಬರುತ್ತಾಳೆ, ಕ್ಯಾಮೆರಾದಲ್ಲಿ ಅವಳ ಮೂಗು ಮಾತ್ರ ಹಿಡಿಸುತ್ತದೆ.

ಎರಡನ್ನೂ ಮಾರಿ ಒಂದೇ ಲೆನ್ಸ್ ಇಟ್ಟುಕೊಳ್ಳೋಣ ಅಂತ ಯೋಚನೆ. ತೆಗೆಯುವುದು ಮನೆಯವರು, ಹಳೇ ಕಟ್ಟಡಗಳು, ಸಿಕ್ಕರೆ ಹಕ್ಕಿ, ಆಮೇಲೆ ಮಗಳ ನಾಟಕ (ಒಳಗಡೆ, ಮಂದ ಬೆಳಕು). ನಿಕಾನ್ 18–140, 18–300, ಸಿಗ್ಮಾ 17–50 ಎಫ್ 2.8 (ಎಫ್ ಚಿಕ್ಕದಾದಷ್ಟೂ ಬೆಳಕು ಜಾಸ್ತಿ ಒಳಬರುತ್ತದೆ), ಈ ಮೂರರಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ. ಓದಿದಷ್ಟೂ ಗೊಂದಲ ಜಾಸ್ತಿ.

ಜೋಳಿಗೆ:
ಕಣ್ಣು ಮುಚ್ಚಿಕೊಂಡು 18–300 ತಗೊಳ್ಳಿ. ಆದರೆ ಅದರಲ್ಲಿ ಎರಡಿವೆ. 2012ರದ್ದು 830 ಗ್ರಾಂ, ಅದು ಬೇಡ. 2014ರಲ್ಲಿ ಬಂದ ಎಫ್ 3.5–6.3 ಬರೀ 550 ಗ್ರಾಂ. 300ರಲ್ಲಿ ಚಿತ್ರ ಸ್ವಲ್ಪ ಮೆತ್ತಗೆ ಬರುತ್ತದೆ ನಿಜ. ಮರಕುಟಿಗ ಸಿಗುತ್ತದಲ್ಲ, ಅಷ್ಟು ಸಾಕು.

ಹಳೇ ಟ್ರೈಪಾಡ್:
ಜೋಳಿಗೆಯವರೇ, ಕಣ್ಣು ಮುಚ್ಚಿಕೊಂಡು ಲೆನ್ಸ್ ಕೊಳ್ಳುವ ಸಲಹೆ ಫೋಟೋ ತೆಗೆಯುವವರಿಂದ ಬರಬಾರದಿತ್ತು :)

ಅರೆಬೆಳಕು ಅವರೇ, ಅಂಗಡಿಗೆ ಹೋಗುವ ಮೊದಲು ನಿಮ್ಮ ಹಳೇ ಫೋಟೋ ತೆಗೆದು ನೋಡಿ. ಪ್ರತಿ ಫೋಟೋದ ಒಳಗೂ ಎಷ್ಟು ಮಿ.ಮೀ., ಅಪರ್ಚರ್ (ಎಫ್ ಸಂಖ್ಯೆ) ಎಷ್ಟು, ಶಟರ್ (ತೆರೆದಿದ್ದ ಹೊತ್ತು) ಎಷ್ಟು, ಐಎಸ್‌ಒ (ಬೆಳಕಿಗೆ ಸೂಕ್ಷ್ಮತೆ) ಎಷ್ಟು ಅಂತ ದಾಖಲಾಗಿರುತ್ತದೆ. ಅದನ್ನು ನೋಡಲು ಲೈಟ್‌ರೂಮ್ ಸಾಫ್ಟ್‌ವೇರ್ ಇಲ್ಲದಿದ್ದರೆ ಪುಕ್ಕಟೆ ಸಿಗುವ ಡಿಜಿಕ್ಯಾಮ್ ಸಾಕು. ಎಲ್ಲ ಫೋಟೋ ಬೇಡ. ನಿಮಗೆ ಹಿಡಿಸಿದ್ದು, ಯಾರಿಗಾದರೂ ಕಳಿಸಿದ್ದು, ಅಷ್ಟನ್ನೇ ನೋಡಿ. 55ರಲ್ಲಿ ರಾಶಿ ಬಿದ್ದಿದ್ದರೆ ಉದ್ದ ಸಾಲುತ್ತಿಲ್ಲ. 18ರಲ್ಲಿ ರಾಶಿ ಇದ್ದರೆ ಅಗಲ ಸಾಲುತ್ತಿಲ್ಲ. ಆಗ ನಿಮ್ಮ ಪಟ್ಟಿಯ ಮೂರೂ ಬಿಟ್ಟು 16–80 ನೋಡಬೇಕು. ಎರಡೇ ಮಿಲಿಮೀಟರ್ ತಾನೇ ಅಂತ ಸಸಾರ ಮಾಡಬೇಡಿ. ನಿಮ್ಮ ಸೆನ್ಸರ್‌ನಲ್ಲಿ 18ಕ್ಕೆ ಸುಮಾರು 76 ಡಿಗ್ರಿ ಕಾಣುತ್ತದೆ, 16ಕ್ಕೆ 83. ಹಳೇ ಕಟ್ಟಡದ ಮುಂದೆ, ಬೆನ್ನಿಗೆ ಎದುರುಮನೆ ಗೋಡೆ ತಾಗಿದಾಗ ಆ ಏಳು ಡಿಗ್ರಿಯ ಬೆಲೆ ಗೊತ್ತಾಗುತ್ತದೆ. ಉದ್ದದ ತುದಿಯಲ್ಲಿ 280ಕ್ಕೂ 300ಕ್ಕೂ ಅಂಥ ವ್ಯತ್ಯಾಸವೇ ಕಾಣಿಸದು.

ಇನ್ನು ನಾಟಕ. ಲೆನ್ಸ್‌ನಲ್ಲಿ ವಿಆರ್ (ನಡುಕ ತಡೆಯುವ ಏರ್ಪಾಡು) ಇದೆ ಅಲ್ವಾ ಅನ್ನಬೇಡಿ. ವಿಆರ್ ನಿಮ್ಮ ಕೈ ನಡುಕಕ್ಕೆ ಮದ್ದು, ಸ್ಟೇಜ್ ಮೇಲೆ ಓಡುವ ಮಗುವನ್ನು ಅದು ಹಿಡಿದು ನಿಲ್ಲಿಸುವುದಿಲ್ಲ. ಅಲ್ಲಿ 1/250 ಸೆಕೆಂಡ್ ಶಟರ್ ಆದರೂ ಬೇಕು. ಆ ಶಟರ್‌ಗೆ ಎಫ್ 5.6ರಲ್ಲಿ ಐಎಸ್‌ಒ 6400 ಕೇಳುವ ಬೆಳಕಿದ್ದರೆ, ಎಫ್ 2.8ರಲ್ಲಿ 1600 ಸಾಕು. ನಾಲ್ಕು ಪಟ್ಟು ವ್ಯತ್ಯಾಸ. ನಿಮ್ಮದೇ 6400ರ ಫೋಟೋ ದೊಡ್ಡದು ಮಾಡಿ ಹುಬ್ಬು, ಕೂದಲು ನೋಡಿ. ಎಳೆಗಳೆಲ್ಲ ಕಲಸಿ, ಕಾಡಿಗೆ ಬಳಿದ ಹಾಗೆ ಆಗಿರುತ್ತದೆ. 1600ರಲ್ಲಿ ಎಳೆ ಇನ್ನೂ ಬಿಡಿಬಿಡಿಯಾಗಿ ಉಳಿದಿರುತ್ತದೆ.

ಹಾಗಾದರೆ 18–300 ಎಫ್ 2.8 ಯಾಕೆ ಮಾಡಲ್ಲ ಅಂತ ಎಲ್ಲರೂ ಕೇಳುತ್ತಾರೆ. ಎಫ್ ಸಂಖ್ಯೆ ಅಂದರೆ ಫೋಕಲ್ ಲೆಂತನ್ನು ಬೆಳಕು ಬರುವ ಕಿಂಡಿಯ ಅಗಲದಿಂದ ಭಾಗಿಸಿದ್ದು. 300ನ್ನು 6.3ರಿಂದ ಭಾಗಿಸಿ, ಸುಮಾರು 48 ಮಿ.ಮೀ. 2.8 ಬೇಕೆಂದರೆ 107 ಮಿ.ಮೀ. ಮುಂದಿನ ಗಾಜು ಅಷ್ಟಾದರೂ ಅಗಲ ಇರಬೇಕು. ಕುತ್ತಿಗೆಗೆ ನೇತುಹಾಕಿಕೊಂಡು ಸುತ್ತುವ ಮಾತಂತೂ ಮರೆತುಬಿಡಿ.

ಇನ್ನೊಂದು. ಇಂಥ ಉದ್ದ ಜೂಮ್‌ಗಳಲ್ಲಿ 300 ಅನ್ನುವುದು ದೂರಕ್ಕೆ ಫೋಕಸ್ ಮಾಡಿದಾಗಿನ ಲೆಕ್ಕ. ಹತ್ತಿರದ ಕೊಂಬೆಯಲ್ಲಿ ಕೂತ ಹಕ್ಕಿಗೆ ಫೋಕಸ್ ಮಾಡಿದರೆ ಅದು 300ಕ್ಕಿಂತ ಎಷ್ಟೋ ಕಡಿಮೆ ದೊಡ್ಡದು ಮಾಡುತ್ತದೆ.

ನನ್ನ ಮತ 18–140ಕ್ಕೆ. 490 ಗ್ರಾಂ, ಚಿತ್ರ ಚೊಕ್ಕ. ಹಕ್ಕಿಯನ್ನು ಈ ಲೆಕ್ಕದಿಂದ ಹೊರಗಿಡಿ. ಹಕ್ಕಿ ಬೇಕಾದ ದಿನ 70–300 ಹಾಕಿಕೊಂಡೇ ಹೊರಡಿ. ಅದನ್ನು ಮಾರಬೇಡಿ.

ಅರೆಬೆಳಕು:
ಹೇಳಿದ ಹಾಗೆ ನೋಡಿದೆ. ಇಷ್ಟವಾದ ಫೋಟೋಗಳಲ್ಲಿ 55ರದ್ದು ರಾಶಿ ರಾಶಿ! 70–300ರಲ್ಲಿ ತೆಗೆದದ್ದೂ ಹೆಚ್ಚಿನವು 70ರಿಂದ 130ರ ಒಳಗೇ ಇವೆ. 300ರಲ್ಲಿ ಹಕ್ಕಿ ಬಿಟ್ಟರೆ ಬೇರೇನೂ ಇಲ್ಲ, ಅದರಲ್ಲೂ ಚೆನ್ನಾಗಿ ಬಂದದ್ದು ಬೆರಳೆಣಿಕೆ. 18ರಲ್ಲಿ ತೀರಾ ಕಡಿಮೆ. ನಾಟಕದ್ದೆಲ್ಲ 55, ಎಫ್ 5.6, 6400. ಕಾಡಿಗೆಯ ಮಾತು ಖರೆ, ನೋಡಿ ನಗು ಬಂತು. ಹಾಗಾದರೆ ಹೊರಗಿನ ಸುತ್ತಾಟಕ್ಕೆ 18–140 ಸರಿ. ನಾಟಕಕ್ಕೆ 17–50 ಬೇಕೇ ಬೇಕಾ?

ಹಳೇ ಟ್ರೈಪಾಡ್:
ಬೇಡ. 55ರಲ್ಲೇ ಒದ್ದಾಡುತ್ತಿರುವವರಿಗೆ 50ಕ್ಕೆ ನಿಲ್ಲುವ ಜೂಮ್ ಯಾಕೆ? ನಾಟಕಕ್ಕೆ 50 ಎಫ್ 1.8 ಒಂದಿರಲಿ. 185 ಗ್ರಾಂ, ಚೀಲದ ಮೂಲೆಯಲ್ಲಿ ಬಿದ್ದಿರುತ್ತದೆ. ಕೂತ ಜಾಗದಿಂದ ಜೂಮ್ ಮಾಡಲು ಆಗಲ್ಲ ಅಷ್ಟೇ, ಮುಂದಿನ ಸಾಲು ಹಿಡಿಯಿರಿ. ಕೊಳ್ಳುವಾಗ ಎಎಫ್-ಎಸ್ (ಫೋಕಸ್ ಮೋಟರ್ ಲೆನ್ಸ್ ಒಳಗೇ ಇರುವುದು) ಅಂತ ಇರುವುದನ್ನೇ ಕೇಳಿ. ಡಿ5600ನ ಬಾಡಿಯಲ್ಲಿ ಫೋಕಸ್ ಮೋಟರ್ ಇಲ್ಲ. ಹಳೇ 50 ಎಫ್ 1.8 ಡಿ ಲೆನ್ಸ್ ಕೂರುತ್ತದೆ, ಆದರೆ ಆಟೋಫೋಕಸ್ ಆಗುವುದಿಲ್ಲ. ಕತ್ತಲಲ್ಲಿ ಕೈಯಲ್ಲಿ ರಿಂಗ್ ತಿರುಗಿಸುತ್ತಾ ಕೂತರೆ ನಾಟಕ ಮುಗಿದಿರುತ್ತದೆ.

ಜೋಳಿಗೆ:
ಪಾಪ ಒಂದು ಲೆನ್ಸ್ ಕೇಳಿದರು, ಮೂರು ಮಾಡಿಕೊಟ್ಟಿರಿ :D

ಹಳೇ ಟ್ರೈಪಾಡ್:
ಸುತ್ತಾಟಕ್ಕೆ ಒಂದೇ ಸ್ವಾಮಿ. ಉಳಿದೆರಡು ಮನೆಯಲ್ಲಿರುತ್ತವೆ.

ಗಾಜಿನ ಹುಚ್ಚು:
18–140 ಸೆಕೆಂಡ್ ಹ್ಯಾಂಡ್ ಬೇಕಾದಷ್ಟು ಸಿಗುತ್ತವೆ. ಕೊಳ್ಳುವ ಮೊದಲು ಒಂದು ಕಡೆಯಿಂದ ಟಾರ್ಚ್ ಬಿಟ್ಟು ಇನ್ನೊಂದು ಕಡೆಯಿಂದ ನೋಡಿ. ಜೇಡರ ಬಲೆಯಂಥ ಎಳೆ ಕಂಡರೆ ಫಂಗಸ್, ವಾಪಸ್ ಕೊಟ್ಟು ಬನ್ನಿ. ಒಂದೆರಡು ಧೂಳಿನ ಕಣ ಇದ್ದರೆ ಚಿಂತೆಯಿಲ್ಲ. ಆಮೇಲೆ ಜೂಮ್ ರಿಂಗ್ ನಿಧಾನಕ್ಕೆ ತಿರುಗಿಸಿ, ನಡುವೆ ಎಲ್ಲೂ ಕಚ್ಚಬಾರದು. ಇಟ್ಟಿಗೆ ಗೋಡೆಗೆ ನೇರ ನಿಂತು 18ರಲ್ಲೂ 140ರಲ್ಲೂ ಒಂದೊಂದು ತೆಗೆದು ನಾಲ್ಕೂ ಮೂಲೆ ಹೋಲಿಸಿ. ಒಂದೇ ಮೂಲೆ ಮಸುಕಾಗಿದ್ದರೆ ಒಳಗಿನ ಗಾಜು ಓರೆಯಾಗಿದೆ ಅಂತ. ಸಾಲುಗಳು ಬಾಗಿ ಕಂಡರೆ ಹೆದರಬೇಡಿ, ಅದು ಈ ಜಾತಿಯ ಲೆನ್ಸ್‌ಗಳ ಗುಣ, ಸಾಫ್ಟ್‌ವೇರ್‌ನಲ್ಲಿ ನೆಟ್ಟಗಾಗುತ್ತದೆ.

ಅರೆಬೆಳಕು:
ಎಲ್ಲರಿಗೂ ಥ್ಯಾಂಕ್ಸ್. ಗೆಳತಿಯ ಹತ್ತಿರ 18–140 ಇದೆಯಂತೆ, ವಾರದ ಮಟ್ಟಿಗೆ ಕೇಳಿ ತರುತ್ತೇನೆ. ಕೊನೇ ಪ್ರಶ್ನೆ: ನನ್ನ 18–55ರ ಪೋಲರೈಸರ್ ಫಿಲ್ಟರ್ ಇದಕ್ಕೆ ಕೂರುತ್ತಾ?

ಗಾಜಿನ ಹುಚ್ಚು:
ಕೂರಲ್ಲ. ಅದು 55 ಮಿ.ಮೀ., ಇದು 67. 18–55 ಮಾರುವಾಗ ಫಿಲ್ಟರನ್ನೂ ಜೊತೆಗೇ ಮಾರಿಬಿಡಿ.